ಹೆಬ್ಬಾರರ ಮನೆಯ ಸಸ್ಯಾಹಾರಿ ಮಾಣಿ

"ಮನೆಯೊಳಗೆ ಬೆಳ್ಳುಳ್ಳಿ ಬಿಟ್ಟುಕೊಳ್ಳದವರು ಮೀನನ್ನು ಹಾಲ್‌ನಲ್ಲಿ ಕೂರಿಸಿ ಸಾಕ್ತಾರೆ ನೋಡಿ." ನವಿ ಮುಂಬಯಿಯ ಐರೋಲಿಯ ಆ ಹಳೇ ಬಿಲ್ಡಿಂಗಿನಲ್ಲಿ ಪ್ರೇಮನಾಥ ಹೆಬ್ಬಾರರ ಸುದ್ದಿ ಬಂದರೆ ಅಕ್ಕಪಕ್ಕದವರು ಹೇಳುತ್ತಿದ್ದದ್ದು ಇಷ್ಟೇ. ಕೆಳಗಿನ ಮನೆಯ ಬಾಲಪ್ಪ, ವಿಜಯಪುರದ ಕಡೆಯವನು, ಇನ್ನೊಂದು ಹೆಜ್ಜೆ ಮುಂದೆ ಹೋಗಿ, "ಆ ಮೀನಿಗೂ ಜನಿವಾರ ಹಾಕ್ಯಾರೋ ಏನೋ, ಒಮ್ಮೆ ನೋಡಿ ಬರಬೇಕ್ರಿ" ಎನ್ನುತ್ತಿದ್ದ.

ಜನಿವಾರ ಹಾಕಿರಲಿಲ್ಲ. ಉಳಿದದ್ದೆಲ್ಲ ಆಗಿತ್ತು.

ಹೆಬ್ಬಾರರು ಠಾಣೆ ಶಹರದ ಮಾಜಿವಾಡಾದ ಸಸ್ಯಾಹಾರಿ ಹೋಟೆಲೊಂದರ ಗಲ್ಲೆಯಲ್ಲಿ ಕೂತು ಆಯುಷ್ಯ ಸವೆಸಿದವರು. ನಿವೃತ್ತಿಯಾದ ಮೇಲೆ ಗದರಿಸಲು ಯಾರೂ ಇಲ್ಲದೆ ಬೇಜಾರು ಹಿಡಿದು, ಗಾಜಿನ ತೊಟ್ಟಿಯನ್ನೂ ಒಂದೆರಡು ಗೋಲ್ಡ್‌ಫಿಶ್‌ಗಳನ್ನೂ ತಂದರು. ಗಾಜಿಗೆ ಪಾಚಿ ಕಟ್ಟಿತು. ಗಲ್ಲೆಯಲ್ಲಿ ಕೂತವರು ಗಾಜು ಉಜ್ಜುವುದುಂಟೇ? ಠಾಣೆಯ ಅಂಗಡಿಯವನು ಬೆರಳುದ್ದದ ಸಕ್ಕರ್ ಮೀನೊಂದನ್ನು ಕೊಟ್ಟು, "ಗಾಜು ಇದೇ ನೆಕ್ಕಿ ತೊಳೆಯುತ್ತೆ, ಇಷ್ಟೇ ಇರುತ್ತೆ" ಎಂದ. ಮೈಮೇಲೆ ಗಟ್ಟಿ ಎಲುಬಿನ ಕವಚ, ಹೊಟ್ಟೆಯ ಕಡೆ ತಿರುಗಿದ ಬಾಯಿ. ಹೋಟೆಲಿನಲ್ಲಿ ಟೇಬಲ್ ಒರೆಸುವ ಹುಡುಗನನ್ನು ಕರೆದ ಹಾಗೆ ಹೆಬ್ಬಾರರು ಅದನ್ನು ಮಾಣಿ ಎಂದು ಕರೆದರು.

ಮಾಣಿ ಬೆಳೆಯಿತು. ಮೊಣಕೈಯುದ್ದ ಬೆಳೆಯಿತು. ಬೆಳೆದ ಮೇಲೆ ಗಾಜಿನ ಕಡೆ ತಿರುಗಿಯೂ ನೋಡಲಿಲ್ಲ. ತಾನೇ ಗಲೀಜು ಮಾಡಿ ತೊಟ್ಟಿಯೊಳಗಿನ ಮರದ ತುಂಡಿನಡಿ ಮಲಗಿತು. ಕೊನೆಗೆ ಗಾಜು ಉಜ್ಜಿದವರು ಹೆಬ್ಬಾರರೇ.

"ನಿಮ್ಮ ಮಾಣಿಗೆ ಒಳ್ಳೆ ಕ್ಲೀನರ್ ಸಿಕ್ಕಿದ," ಎಂದರು ಹೆಂಡತಿ ದಮಯಂತಿ.

ಅದಕ್ಕೆ ದಿನಾ ಸೌತೆಕಾಯಿ, ಬೇಯಿಸಿದ ಹೀರೆಕಾಯಿ. ಏಕಾದಶಿ ಬಂದರೆ ಯಜಮಾನರಿಗೆ ಉಪವಾಸ, ಮಾಣಿಗೂ ಉಪವಾಸ. ಹೆಬ್ಬಾರರಾದರೂ ಸಾಬುದಾಣೆ ಖಿಚಡಿ ತಿನ್ನುತ್ತಿದ್ದರು, ಮಾಣಿಯದು ಕಟ್ಟುನಿಟ್ಟು. ಒಂದು ದ್ವಾದಶಿಯ ಬೆಳಿಗ್ಗೆ ನೋಡಿದರೆ ಮಾಣಿ ಒಂದು ಗೋಲ್ಡ್‌ಫಿಶ್ಶಿನ ಪಕ್ಕೆಗೆ ಕಚ್ಚಿಕೊಂಡು ಪಾರಣೆ ಮಾಡುತ್ತಿತ್ತು. ಗೋಲ್ಡ್‌ಫಿಶ್ ಸತ್ತಿತು.

ಹೆಬ್ಬಾರರು ಸ್ನಾನ ಮಾಡಿ ಬಂದು ಕೂತರು. "ನಮ್ಮ ಮನೆಯಲ್ಲಿ ಇಂಥದ್ದು."

"ಹೊಟ್ಟೆಗೆ ಹಾಕದಿದ್ದರೆ ಅದು ಇನ್ನೆಂಥ ಮಾಡಬೇಕು? ಪಂಚಾಂಗ ನೋಡ್ತದಾ?" ಎಂದರು ದಮಯಂತಿ.

ಅಂದಿನಿಂದ ಮಾಣಿಗೆ ಏಕಾದಶಿ ತಪ್ಪಿತು, ಉಳಿದ ಗೋಲ್ಡ್‌ಫಿಶ್ ಪಕ್ಕದ ಮನೆಗೆ ಹೋಯಿತು, ತೊಟ್ಟಿಯಿಡೀ ಮಾಣಿಯದಾಯಿತು.

ಅಷ್ಟರಲ್ಲಿ ಬಿಲ್ಡಿಂಗ್ ರಿಡೆವಲಪ್‌ಮೆಂಟಿಗೆ ಬಿತ್ತು. ಎಲ್ಲರೂ ಮನೆ ಖಾಲಿ ಮಾಡಬೇಕು. ಹೆಬ್ಬಾರರಿಗೆ ಘಣಸೋಲಿಯ ಹೊಸ ಸೆಕ್ಟರಿನಲ್ಲಿ ಬೇಕಾದಂಥದ್ದೇ ಸಿಕ್ಕಿತು: ಇಡೀ ಸೊಸೈಟಿ ಸಸ್ಯಾಹಾರಿ, ಯಾರ ಮನೆಯಿಂದಲೂ ಒಗ್ಗರಣೆಯಾಚೆಗಿನ ವಾಸನೆ ಇಲ್ಲ. ಮಾತು ಪಕ್ಕಾ ಮಾಡಲು ಆ ಮನೆಯ ಓನರ್ ಐರೋಲಿಗೆ ಬಂದ, ಚಹಾ ಕುಡಿದ, ತೊಟ್ಟಿ ನೋಡಿದ. ಕಪ್ಪು ಕೆಳಗಿಟ್ಟ.

"ಇದೂ ಬರುತ್ತಾ?"

"ಅದು ಸೌತೆಕಾಯಿ ತಿನ್ನೋದು, ಸ್ವಾಮಿ."

"ಪಕ್ಕಾ ವೆಜ್?"

ಹೌದು ಎಂದರೆ ಮುಗಿಯುತ್ತಿತ್ತು. ಆದರೆ ಹೋಟೆಲಿನಲ್ಲಿ ಇದೇ ಪ್ರಶ್ನೆಗೆ ಜೀವಮಾನವಿಡೀ ಸತ್ಯ ಹೇಳಿದ ನಾಲಿಗೆ. "ಒಂದು ಸಲ ಬಿಟ್ಟರೆ, ಹೌದು," ಎಂದರು ಹೆಬ್ಬಾರರು.

ಓನರ್ ಹೊರಟ. ಮೀನು ಬಿಟ್ಟು ಬರುವುದಾದರೆ ಬನ್ನಿ ಎಂದು ಬಾಗಿಲಲ್ಲಿ ಹೇಳಿದ.

ಬಾಲಪ್ಪ ಬುದ್ಧಿ ಹೇಳಲು ಮೇಲೆ ಹತ್ತಿ ಬಂದ. "ಠಾಣೆದಾಗ ಎಷ್ಟ್ ಕೆರಿ ಅದಾವ್ರಿ ಹೆಬ್ಬಾರ್ರ. ಯಾವುದಕ್ಕಾದ್ರೂ ಒಂದಕ್ಕ ಬಿಟ್ಟು ಕೈ ಮುಗದ್ ಬರ್ರಿ. ಪುಣ್ಯಾನೂ ಬರ್ತೈತಿ."

"ಪುಣ್ಯ ಅಂತ ಬಿಟ್ಟು ಬಿಟ್ಟೇ ಕೆರೆಗಳಲ್ಲೆಲ್ಲ ಇದೇ ತುಂಬಿರುವುದು. ಅಲ್ಲಿದ್ದ ಬೇರೆ ಮೀನಿಗೆ ಜಾಗ ಇಲ್ಲ. ತಂದವ ನಾನು, ಊರವರ ತಲೆಗೆ ಕಟ್ಟಲಿಕ್ಕಾಗುತ್ತದಾ?"

"ಹಂಗಾರ ನಮ್ಮನಿಗೆ ಕೊಡ್ರಿ. ಮಸಾಲಿ ನಮ್ದು."

ಹೆಬ್ಬಾರರು ಎದ್ದು ಹೋಗಿ ತೊಟ್ಟಿಗೆ ಅಡ್ಡ ನಿಂತರು. ಬಾಲಪ್ಪ ನಗುತ್ತಾ ಇಳಿದು ಹೋದ.

ಆಮೇಲೆ ನೋಡಿದ ಮನೆಗಳಲ್ಲಿ ಒಂದು ಕಡೆ ತೊಟ್ಟಿಯ ಭಾರಕ್ಕೆ ಸ್ಲ್ಯಾಬ್ ಬಿರುಕು ಬಿಡುತ್ತದೆ ಎಂದರು, ಇನ್ನೊಂದು ಕಡೆ ವಾಸ್ತು ಅಡ್ಡ ಬಂತು. ಖಾಲಿ ಮಾಡುವ ದಿನ ಹತ್ತಿರ ಬಂದಂತೆ ಹೆಬ್ಬಾರರ ಊಟ ಇಳಿಯಿತು. ದಮಯಂತಿ ಅದನ್ನು ನೋಡಿದರು. ಮರುದಿನ ಬೆಳಿಗ್ಗೆ ಒಬ್ಬರೇ ಘಣಸೋಲಿಗೆ ಹೋದರು. ಹೊಸ ಸೆಕ್ಟರಿಗಲ್ಲ, ಮೂಲ ಹಳ್ಳಿಯಾದ ಹಳೇ ಗಾಂವಿಗೆ. ಮಧ್ಯಾಹ್ನ ಬಂದು ಚಪ್ಪಲಿ ಬಿಡುತ್ತಲೇ, "ಮನೆ ಸಿಕ್ಕಿತು," ಎಂದರು.

"ವೆಜ್ಜಾ?"

"ಕೆಳಗಡೆ ಮನೆಯ ಯಜಮಾನಿ ವಸಂತಿತಾಯಿ ಇದ್ದಾರೆ. ನಾನು ಹೋದಾಗ ಬೊಂಬಿಲ್ ಮೀನು ಹುರೀತಾ ಇದ್ದರು. ಮೀನುಂಟು ಅಂದೆ. 'ಆಣಾ ಕೀ', ತನ್ನಿ ಅದಕ್ಕೇನು, ಅಂದರು."

"ಮತ್ತೆಂಥ ಕೇಳಿದರು?"

"ರುಚಿ ಹೇಗೆ ಅಂತ ಕೇಳಿದರು. ಸಾಕಿದ್ದು ಅಂದೆ. 'ಹಾಗಾದರೆ ನಮ್ಮ ಬೆಕ್ಕಿನಿಂದ ಜೋಪಾನ' ಅಂದರು. ಅಷ್ಟೇ."

ಹೆಬ್ಬಾರರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ದಿನಾ ಬೊಂಬಿಲ್. ಭಾನುವಾರ ಇನ್ನೂ ಏನೇನೋ. ಆಮೇಲೆ, "ಕಿಟಕಿ ಯಾವ ಕಡೆಗೆ?" ಎಂದು ಕೇಳಿದರು.

"ಅವರ ಅಡಿಗೆಮನೆಯ ಮೇಲೆಯೇ."

"ಮುಚ್ಚಲಿಕ್ಕೆ ಬರ್ತದಾ?"

"ನಿಮಗೆ ಮಂಡೆ ಸಮ ಉಂಟಾ? ಗಾಳಿ ಬೇಡವಾ? ನಾನು ಹೂಂ ಅಂದು ಬಂದಾಯಿತು."

ಹೊರಡುವ ದಿನ ಸಾಮಾನೆಲ್ಲ ಟೆಂಪೋ ಹತ್ತಿತು. ತೊಟ್ಟಿಯ ನೀರನ್ನೇ ತುಂಬಿದ ದೊಡ್ಡ ಬಕೆಟಿನಲ್ಲಿ ಮಾಣಿ ಕೂತಿತು. ಅದನ್ನು ಟೆಂಪೋದವನ ಕೈಗೆ ಕೊಡಲು ಹೆಬ್ಬಾರರು ಒಪ್ಪಲಿಲ್ಲ. ಲಿಫ್ಟಿನ ಕರೆಂಟನ್ನು ಆಗಲೇ ತೆಗೆದಿದ್ದರು. ಬಾಲಪ್ಪ ಮೇಲೆ ಬಂದು ಬಕೆಟಿನ ಇನ್ನೊಂದು ಬದಿ ಹಿಡಿದ.

"ಹೊಸ್ತಿಲಿಗೆ ಕೈ ಮುಗಿಯಿರಿ," ಎಂದರು ದಮಯಂತಿ.

"ಕೈ ಎಲ್ಲುಂಟು? ನೀನೇ ಇಬ್ಬರ ಲೆಕ್ಕದಲ್ಲಿ ಮುಗಿ."

ದಮಯಂತಿ ಮುಗಿದು ಬಾಗಿಲು ಎಳೆದರು. ಹೆಬ್ಬಾರರು ತಿರುಗಿ ನೋಡಲಿಲ್ಲ. ಅವರ ಕಣ್ಣು ಬಕೆಟಿನ ಮೇಲಿತ್ತು. "ಬಾಲಪ್ಪ, ಮೆಲ್ಲ. ಇಲ್ಲಿ ಮೆಟ್ಟಿಲು ತಿರುಗುತ್ತದೆ," ಎನ್ನುತ್ತಾ ಇಳಿದರು.