ದೂರದ್ದಷ್ಟ ಇಲ್ಲ

ಕಾರಟಗಿಯ ಅಕ್ಕಿ ಗಿರಣಿಯ ಆಫೀಸಿನಲ್ಲಿ ನನ್ನ ಪಕ್ಕದ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ ಹುಡುಗಿ, ಬಿಲ್ ಹೊಡೆಯುವಾಗ ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಳ್ಳುತ್ತಿದ್ದಳು. ಬಾಗಿಲಲ್ಲಿ ಯಾರಾದರೂ ನಿಂತರೆ ಮಾತ್ರ ಅದು ಮೂಗಿಗೆ ಇಳಿಯುತ್ತಿತ್ತು. "ಹತ್ರದ್ದು ಛಲೋ ಕಾಣ್ತೈತ್ರಿ ಅಕ್ಕಾ, ದೂರದ್ದಷ್ಟ ಇಲ್ಲ" ಎನ್ನುತ್ತಿದ್ದಳು.

ಕುಷ್ಟಗಿಯಿಂದ ಗಂಡಿನ ಕಡೆಯವರು ಅವಳನ್ನು ನೋಡಲು ಬರುವುದಿತ್ತು. ಕನ್ನಡಕ ಕಾಣಬಾರದೆಂದು ತಾಯಿ ಗಂಗಾವತಿಯಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಕೊಡಿಸಿದರು. ಗಿರಣಿಯ ತೌಡಿನ ಧೂಳಿಗೆ ಕಣ್ಣು ಕೆಂಪಾದವು, ತೆಗೆದಿಟ್ಟಳು. ಕೊನೆಗೆ ಬರಿಗಣ್ಣಲ್ಲೇ ಚಹಾ ಕೊಟ್ಟು ಬಂದಳು.

"ಹುಡುಗ ಹೆಂಗದಾನ?" ಎಂದು ಕೇಳಿದೆ.

"ಬಿಳಿ ಅಂಗಿ ಹಾಕಿದ್ರು. ಮಾರಿ ಕಾಣ್ಲಿಲ್ರಿ. ಎಲ್ಲಾರೂ ಛಲೋ ಅದಾನ ಅಂದ್ರು, ನಾನೂ ಹೂಂ ಅಂದೆ."

ನಗುತ್ತಾ ಹೇಳಿದಳೆಂದು ನನ್ನ ನೆನಪು. ಆ ನಗುವನ್ನು ಆಮೇಲೆ ನಾನೇ ಸೇರಿಸಿಕೊಂಡಿರಲೂಬಹುದು.

ಮದುವೆಯಾಗಿ ಕೆಲಸ ಬಿಟ್ಟಳು. ಒಂದು ವರ್ಷ ಕಳೆದ ಮೇಲೆ ಕುಷ್ಟಗಿ ಬಸ್ ನಿಲ್ದಾಣದಲ್ಲಿ ಕಂಡಳು. ನಾನು ಕೈ ಬೀಸಿದ್ದು ಅವಳಿಗೆ ತಿಳಿಯಲಿಲ್ಲ. ಹತ್ತಿರ ಹೋಗಿ ಹೆಸರು ಹಿಡಿದು ಕರೆದಾಗ ಅವಳ ಕೈ ತಾನಾಗಿ ತಲೆಯ ಮೇಲೆ ಹೋಯಿತು. ಅಲ್ಲಿ ಏನೂ ಇರಲಿಲ್ಲ.

"ಕನ್ನಡಕ ಎಲ್ಲೈತವ್ವಾ? ಲೆನ್ಸ್ ಹಾಕ್ಕೊಂಡಿಯೇನು?"

"ಎರಡೂ ಇಲ್ರಿ ಅಕ್ಕಾ, ಅವರಿಗೆ ಸೇರೂದಿಲ್ಲ. ಮನ್ಯಾಗ ದೂರದ್ದು ಏನೈತ್ರಿ ನೋಡಾಕ?"