ಗುಬ್ಬಚ್ಚಿ ಹುಳದ ಸರ್ವೆ

"ಸರ್ವೆಯೋರೇ, ಒಸಿ ತಡೀರಿ ಕಣ್ರೀ, ಈಗ್ಲೇ ಬರ್ಕಬೇಡಿ!" ಎಂದು ಕೂಗುತ್ತಾ ತೋಟದ ಯಜಮಾನರು ಹಾರೆ ಹಿಡಿದು ಓಡಿಬಂದರು. ನಾನು ಅಜ್ಜಂಪುರದ ಬಳಿ ಅವರ ತೆಂಗಿನ ತೋಟದ ಬದುವಿನಲ್ಲಿ ಮಂಡಿಯೂರಿ ಪುಡಿಮಣ್ಣು ಊದುತ್ತಿದ್ದೆ. ಮಣ್ಣಲ್ಲಿ ಬಟ್ಟಲಿನಂಥ ಗುಳಿ ತೋಡಿ, ಇರುವೆ ಜಾರಿ ಬೀಳಲೆಂದು ಕಾಯುವ ಗುಬ್ಬಚ್ಚಿ ಹುಳವನ್ನು ಹುಡುಕುವುದು ನನ್ನ ಕೆಲಸ. ದೂರದ ದ್ವೀಪವೊಂದರಲ್ಲಿ ಅದರ ಜಾತಿಗಳ ಸರ್ವೆ ಮುಗಿಸಿ, ಹೋಲಿಸಿ ನೋಡಲು ಇಲ್ಲಿಗೆ ಬಂದಿದ್ದೆ. ಅಲ್ಲಿ ಏಡಿಗಳೂ ನನ್ನನ್ನು ಏನೆಂದು ಕೇಳಿರಲಿಲ್ಲ. ಇಲ್ಲಿ ಹುಲ್ಲು ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬರು ಕೇಳಿದಾಗ "ಸರ್ವೆ ಮಾಡ್ತಿದೀನಿ" ಎಂದಿದ್ದೆ, ಅಷ್ಟೇ.

ನಾನು ಬಾಯಿ ತೆರೆಯುವಷ್ಟರಲ್ಲಿ ಯಜಮಾನರು ಗಡಿಕಲ್ಲನ್ನು ಮೀಟಿ ಕಿತ್ತರು. ಪಕ್ಕದ ತೋಟ ಅವರ ತಂಗಿಯದು. ಆ ತೋಟದೊಳಗೆ ನಿಂತಿದ್ದ ಕಲ್ಲನ್ನು ಎತ್ತಿ ತಂದು, ಎರಡು ಮಾರು ಈಚೆಗೆ, ತಮ್ಮ ತೆಂಗಿನ ಸಾಲಿನ ಬುಡದಲ್ಲೇ ನೆಟ್ಟರು. "ದನ ಗುದ್ದಿ ಸರಿದೋಗಿತ್ತು. ಈಗ ಬರ್ಕಳಿ," ಎಂದು ಬೆವರು ಒರೆಸಿಕೊಂಡರು.

ನಾನು ಮಾಡಿದ್ದು ಹುಳದ ಸರ್ವೆ ಎಂದು ಅವರಿಗೆ ಇವತ್ತಿಗೂ ಹೇಳಿಲ್ಲ. ಹೇಳಿದರೆ ಆ ದನ ಮತ್ತೆ ಬಂದು ಗುದ್ದುತ್ತದೆ.