ಕನ್ನಡಕ್ಕೆ ತರದೆ ಬಿಟ್ಟ ಮಾತು

ವಿಜಯನಗರದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿಯೊಂದರಲ್ಲಿ ನಾನು ಕಂಪ್ಯೂಟರಿನ ಮುಂದೆ ಕೂತು ಕಾರ್ಡು ಡಿಸೈನ್ ಮಾಡುತ್ತಿದ್ದೆ. ಪಕ್ಕದ ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುತ್ತಿದ್ದವಳನ್ನು ಪ್ರೀತಿಸುತ್ತಿದ್ದೆ. ಎರಡು ವರ್ಷ ಊರವರ ಮದುವೆ ಕಾರ್ಡೆಲ್ಲ ಮಾಡಿದ ನಮಗೆ ನಮ್ಮ ವಿಷಯ ಎತ್ತಲು ಬಾಯಿ ಬರಲಿಲ್ಲ. ನಮಗೆ ಅಂದೆನಲ್ಲ, ಅದು ಸುಳ್ಳು. ಬಾಯಿ ಬಾರದೆ ಕೂತಿದ್ದವನು ನಾನೊಬ್ಬನೇ.

ಕಾರಣ ಅಮ್ಮ. ಅಪ್ಪ ಮನೆ ಬಿಟ್ಟು ಹೋದ ಮೇಲೆ ಅವಳ ತಲೆ ಕೆಟ್ಟಿತ್ತು. ಮಾತ್ರೆ ನುಂಗಿದ ದಿನ ಸುಮ್ಮನೆ ಕೂರುತ್ತಿದ್ದಳು, ಉಗಿದ ದಿನ ಬೀದಿಗೆ ಓಡುತ್ತಿದ್ದಳು. ಅದಕ್ಕೇ ಬೆಳಗ್ಗೆ ಹೊರಗಿನಿಂದ ಬೀಗ ಹಾಕಿ ಕೆಲಸಕ್ಕೆ ಬರುತ್ತಿದ್ದೆ. ಅಂಗಡಿಯಲ್ಲಿ ಅಮ್ಮ ಊರಲ್ಲಿದ್ದಾಳೆ ಅಂತ ಹೇಳಿಬಿಟ್ಟಿದ್ದೆ. ಅಂಗಡಿ ಖಾಲಿ ಬಿಡುವ ಹಾಗಿರಲಿಲ್ಲ, ಒಬ್ಬರಾದ ಮೇಲೆ ಒಬ್ಬರು ಊಟಕ್ಕೆ ಹೋಗಬೇಕು. ಒಂದು ಗಂಟೆಗೆ ನಾನು ಮನೆಗೆ ಓಡಿ ಅಮ್ಮನಿಗೆ ಉಣ್ಣಿಸಿ, ಮತ್ತೆ ಬೀಗ ಹಾಕಿ ಬರುತ್ತಿದ್ದೆ. ನಾನು ಬಂದ ಮೇಲೆ ಟೈಪ್ ಮಾಡುವವಳು ಊಟಕ್ಕೆ ಹೊಸಹಳ್ಳಿಯ ತನ್ನ ಮನೆಗೆ ಹೊರಡುತ್ತಿದ್ದಳು.

ಸಿನಿಮಾಗೆ ಕರೆದದ್ದೂ ಅವಳೇ. ಆ ವಾರ ಅವಳನ್ನು ನೋಡಲು ಹೇರೋಹಳ್ಳಿಯಿಂದ ಗಂಡಿನ ಕಡೆಯವರು ಬರುವವರಿದ್ದರು. "ಅಷ್ಟರಲ್ಲಿ ನಿಮ್ಮ ಹತ್ರ ಒಂದು ಮಾತು ಕೇಳ್ಬೇಕು" ಅಂದಳು. ಅದೇನು ಮಾತು ಅಂತ ಗೊತ್ತಾಗದಷ್ಟು ದಡ್ಡ ನಾನಲ್ಲ.

ರಾಜಾಜಿನಗರದ ಥಿಯೇಟರಿನಲ್ಲಿ ಓಡುತ್ತಿದ್ದದ್ದು ಇಂಗ್ಲಿಷಿನ ಸೂಪರ್‌ಹೀರೋ ಸಿನಿಮಾದ ಎರಡನೇ ಭಾಗ. ಮೊದಲನೆಯದನ್ನು ಸಿಡಿಯಲ್ಲಿ ನೋಡಿದ್ದೆ, ಬರೀ ಹೊಡೆದಾಟ. ಇದು ಹೆಸರಿಗೆ ಹೊಡೆದಾಟ, ಒಳಗೆಲ್ಲ ಪ್ರೀತಿ. ಒಂದೇ ಕೈಯಲ್ಲಿ ಲಾರಿ ಎತ್ತುವ ಮಹಾಶಯನಿಗೆ ಒಬ್ಬ ಹುಡುಗಿಯ ಮುಂದೆ ನಿಜ ಹೇಳುವ ತಾಕತ್ತಿಲ್ಲ. ನನ್ನ ಜೊತೆ ಬಂದವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ನಾನು ಪಕ್ಕದಲ್ಲಿ ಕೂತು ಒಂದೊಂದೇ ಮಾತನ್ನು ಅವಳ ಕಿವಿಯಲ್ಲಿ ಕನ್ನಡಕ್ಕೆ ತರುತ್ತಿದ್ದೆ. ನನ್ನ ಜೀವನದ ಅತ್ಯಂತ ಸುಖದ ಒಂದೂವರೆ ಗಂಟೆ ಅದು.

ಆಮೇಲೆ ಆ ಹೀರೋ, ತನ್ನ ಜೊತೆ ಇದ್ದರೆ ಹುಡುಗಿಗೆ ಅಪಾಯ ಅಂತ, ನಿನ್ನ ಮೇಲೆ ನನಗೆ ಪ್ರೀತಿಯಿಲ್ಲ ಅಂದುಬಿಟ್ಟ. ಅದನ್ನೂ ಹೇಳಿದೆ. ಪರದೆಯ ಮೇಲಿನ ಹುಡುಗಿ ತಿರುಗಿ ನಿಂತು, ಕಷ್ಟ ಬರೋದು ನನಗೆ ತಾನೇ, ಬೇಕೋ ಬೇಡವೋ ನಾನು ಹೇಳ್ತೀನಿ, ನನ್ನ ಪರವಾಗಿ ತೀರ್ಮಾನ ಮಾಡೋಕೆ ನೀನ್ಯಾರು ಅಂತ ಕೇಳಿದಳು. ನನಗೆ ಅಕ್ಷರ ಅಕ್ಷರವೂ ಅರ್ಥವಾಯಿತು.

"ಏನಂದ್ಲು?"

"ಏನಿಲ್ಲ, ಬೈತಾ ಇದಾಳೆ."

"ಅಷ್ಟುದ್ದ ಬೈದ್ಲಾ?"

"ಹೂಂ" ಅಂದೆ. ಆ ಮಾತನ್ನು ಕನ್ನಡದಲ್ಲಿ ಹೇಳಿದ್ದರೆ ಅವಳು ಅದನ್ನೇ ನನಗೆ ತಿರುಗಿಸಿ ಕೇಳುತ್ತಿದ್ದಳು. ಆ ಭಯಕ್ಕೆ ನುಂಗಿಕೊಂಡೆ.

ಸಿನಿಮಾ ಮುಗಿದ ಮೇಲೆ ಆಚೆ ಬಸ್‌ಸ್ಟಾಪಿನಲ್ಲಿ ಅವಳು ಕೇಳಿಯೇ ಬಿಟ್ಟಳು. "ಹೇರೋಹಳ್ಳಿಯವರಿಗೆ ಬರ್ಬೇಡಿ ಅಂತ ಹೇಳಿಸ್ಲಾ?"

"ನನ್ನನ್ಯಾಕೆ ಕೇಳ್ತೀರಾ? ನಂಗೆ ಆ ಥರ ಏನೂ ಇಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. "ಬೇರೆ ಏನಾದ್ರೂ ಹೇಳೋದಿದ್ಯಾ?"

"ಇಲ್ಲ."

ಬಸ್ಸು ಬಂತು, ಹತ್ತಿ ಹೋದಳು. ನಾನು ಮಹಾ ತ್ಯಾಗಿಯ ಹಾಗೆ ಮನೆಯವರೆಗೂ ನಡೆದುಕೊಂಡು ಬಂದೆ. ನನ್ನ ಮನೆಯ ಗೋಳು ಅವಳ ಕೊರಳಿಗೆ ಬೀಳದಂತೆ ಕಾಪಾಡಿದೆ ಅಂತ ಹೆಮ್ಮೆಪಟ್ಟೆ. ಮೂರ್ಖ.

ಮದುವೆ ಗೊತ್ತಾಯಿತು. ಕಾರ್ಡನ್ನು ನಮ್ಮ ಅಂಗಡಿಯಲ್ಲೇ ಮಾಡಿದೆವು. ಅವಳು ಟೈಪ್ ಮಾಡಿದಳು, ನಾನು ಸುತ್ತ ಬಳ್ಳಿ ಬಿಡಿಸಿದೆ. ನನ್ನ ಕಾರ್ಡು ಇಲ್ಲೇ ಕೊಡಿ, ಮನೇಲಿ ಯಾರೂ ಇಲ್ಲ ಅಂದೆ. "ಹಾಗೆಲ್ಲ ಕೊಡಬಾರ್ದು, ಮನೆಗೇ ಬಂದು ಕುಂಕುಮ ಕೊಟ್ಟು ಕರೀಬೇಕು" ಅಂದಳು. ಯಾರಿಗೆ ಕುಂಕುಮ ಕೊಡುತ್ತಾಳೆ ಅಂತ ಆಗಲೂ ನನಗೆ ಹೊಳೆಯಲಿಲ್ಲ.

ಭಾನುವಾರ ಬೆಳಗ್ಗೆ ತನ್ನ ತಾಯಿಯ ಜೊತೆ ಬಂದಳು. ನಾನು ಬಾಗಿಲಿಗೆ ಅಡ್ಡ ನಿಂತೆ. ಅವಳು ನನ್ನನ್ನು ದಾಟಿಕೊಂಡು ನೇರ ಒಳಗೆ ಹೋಗಿ ಚಾಪೆಯ ಮೇಲೆ ಕೂತಿದ್ದ ಅಮ್ಮನ ಹಣೆಗೆ ಕುಂಕುಮ ಇಟ್ಟಳು. ಅಪರಿಚಿತರನ್ನು ಕಂಡರೆ ಕಿರುಚುವ ಅಮ್ಮ ನಕ್ಕಳು.

"ಬಾಮ್ಮಾ. ದಿನಾ ಕಿಟಕೀಲೇ ಮಾತಾಡಿಸ್ಕೊಂಡು ಹೋಗ್ತಿದ್ದೆ, ಇವತ್ತು ಒಳಗೇ ಬಂದ್ಯಾ?"

ನಾನು ಕಿಟಕಿಯ ಕಡೆ ತಿರುಗಿದೆ. ಅವಳು ತನ್ನ ತಾಯಿಗೆ ಕೇಳಿಸದಂತೆ ನನಗೆ ಹೇಳಿದಳು: "ಹೋದ್ ವರ್ಷ ಊಟಕ್ಕೆ ಈ ದಾರೀಲಿ ಹೋಗ್ತಾ ಇದ್ದಾಗ ಅಮ್ಮ ಕಿಟಕಿಯಿಂದ ಕರೆದ್ರು. ಗೋಡೆ ಮೇಲೆ ನಿಮ್ಮ ಫೋಟೋ ನೋಡ್ದೆ. ಆವತ್ತಿಂದ ದಿನಾ ಬರ್ತಿದ್ದೆ. ನೀವೇ ಹೇಳ್ತೀರಾ ಅಂತ ಸುಮ್ನಿದ್ದೆ."

ನಾನು ಏನೋ ಹೇಳಲು ಬಾಯಿ ತೆಗೆದೆ. ಅವಳು ಕಾರ್ಡನ್ನು ಅಕ್ಷತೆಯ ಸಮೇತ ನನ್ನ ಕೈಗಿಟ್ಟು, "ಅಮ್ಮನ್ನೂ ಕರ್ಕೊಂಡು ಬನ್ನಿ" ಅಂದಳು.

ಮದುವೆಗೆ ನಾವು ಹೋಗಲಿಲ್ಲ. ಆಮೇಲೂ ಅಮ್ಮ ಮಧ್ಯಾಹ್ನದ ಹೊತ್ತು ಕಿಟಕಿ ಬಿಟ್ಟು ಏಳುತ್ತಿರಲಿಲ್ಲ. ತಿಂಗಳಾದ ಮೇಲೆ ಒಂದು ದಿನ, ನಾನು ತುತ್ತು ಕಲಸುತ್ತಿದ್ದಾಗ, ತಲೆ ಸರಿಯಿಲ್ಲ ಅಂತ ನಾನು ಬಚ್ಚಿಟ್ಟಿದ್ದ ನನ್ನಮ್ಮ ನನ್ನನ್ನು ನೆಟ್ಟಗೆ ನೋಡಿದಳು.

"ಆ ಹುಡುಗಿಗೆ ಏನಂದ್ಯೋ?"

"ಹೇಳ್ಬೇಕಾದ್ದು ಹೇಳ್ಲಿಲ್ಲಮ್ಮಾ" ಅಂದೆ. ತಟ್ಟೆ ಹಿಡಿದುಕೊಂಡೇ ಅತ್ತೆ.